ಬೇಟೆನಾಯಿ ನುಡಿದ ಒಂದು ಸುಳ್ಳು

ಪೃಥಿವಿಗೆ ಗಂಧವನ್ನು ಗುಣವಾಗಿ ಕೊಟ್ಟು, ಆ ಗಂಧವನ್ನು ಅರಿಯಲು ಮೂಗನ್ನು ಕೊಟ್ಟು, ಅರಿತದ್ದನ್ನು ಸಾರಲು ಕೊರಳನ್ನು ಕೊಟ್ಟ ಪರಮೇಶ್ವರನಿಗೆ ಮೊದಲು ನಮಸ್ಕಾರ. ಎರಡು ಕಾಲಿನವರಿಗೆ ವಿವೇಕವನ್ನೂ ನಾಲ್ಕು ಕಾಲಿನವರಿಗೆ ಸಹನೆಯನ್ನೂ ಹಂಚಿದವನು ಅವನೇ. ಹಂಚುವಾಗ ಎರಡು ಪಾತ್ರೆಗಳು ಅದಲುಬದಲಾದುವೋ ಏನೋ ಎಂಬ ಸಂದೇಹ ನನಗೆ ಬಹಳ ಕಾಲದಿಂದ ಇದೆ; ಆದರೆ ಸೃಷ್ಟಿಕರ್ತನನ್ನು ಪ್ರಶ್ನಿಸುವಷ್ಟು ದೊಡ್ಡ ನಾಯಿ ನಾನಲ್ಲ. ಅವನು ನನ್ನ ನೆನಪನ್ನು ನೆಟ್ಟಗೆ ನಡೆಸಲಿ. ನನ್ನ ತಿರಸ್ಕಾರಕ್ಕೆ ಒಂದು ಮಿತಿಯನ್ನೂ ಇಡಲಿ.

ನಾನು ಒಂದು ಬೇಟೆನಾಯಿ, ಹೆಣ್ಣು. ಇಂಗ್ಲೆಂಡ್ ದೇಶದ ಹ್ಯಾರೋಮಿಯರ್ ಎಂಬ ಕಣಿವೆಯಲ್ಲಿ, ಇಟ್ಟಿಗೆಯ ನಾಯಿಮನೆಯೊಂದರ ಒಣಹುಲ್ಲಿನ ಮೇಲೆ, ಒಂಬತ್ತು ಮರಿಗಳಲ್ಲಿ ಏಳನೆಯವಳಾಗಿ ಹುಟ್ಟಿದೆ. ಬಿಳಿಯ ಮೈ, ಬೆನ್ನಿನ ಮೇಲೆ ಕಪ್ಪು, ಕಂದು ಕಿವಿಗಳು. ಗಾರ್ಲೆಂಡ್ ಎಂದು ಹೆಸರಿಟ್ಟರು. ನನ್ನ ಇಪ್ಪತ್ತು ತಲೆಮಾರಿನ ತಾಯಿತಂದೆಯರ ಹೆಸರುಗಳು ಚರ್ಮದ ಹೊದಿಕೆಯ ಒಂದು ಪುಸ್ತಕದಲ್ಲಿ ದಾಖಲಾಗಿದ್ದುವು. ಆ ಪುಸ್ತಕವನ್ನು ಬರೆಯಿಸಿದವನು ಕಣಿವೆಯ ಒಡೆಯ, ಬೇಟೆ ಮಂಡಳಿಯ ಯಜಮಾನ, ಸರ್ ಲೂಷಿಯನ್ ಥ್ರೇಲ್. ಅವನ ಸ್ವಂತ ಮುತ್ತಜ್ಜನ ಹೆಸರನ್ನು ಯಾರಾದರೂ ಕೇಳಿದರೆ ಅವನಿಗೆ ಕೆಮ್ಮು ಬರುತ್ತಿತ್ತು. ಆ ಮುತ್ತಜ್ಜ ದನದ ಕೊಬ್ಬಿನಿಂದ ಮಾಡಿದ ದೀಪದ ಬತ್ತಿ ಮಾರುತ್ತಿದ್ದನೆಂದು ಕುದುರೆಲಾಯದಲ್ಲಿ ಎಲ್ಲರಿಗೂ ಗೊತ್ತಿತ್ತು.

ಆ ಜನರ ಶಬ್ದಶುದ್ಧಿಯನ್ನು ಮೊದಲು ಹೇಳಬೇಕು. ನಮ್ಮನ್ನು ಬರಿಯ ನಾಯಿ ಎಂದು ಕರೆಯುವುದು ಅಲ್ಲಿ ಅಪಚಾರ. ಮೂವತ್ತೈದು ನಾಯಿಗಳಿದ್ದರೆ ಮೂವತ್ತೈದು ಎನ್ನಬಾರದು, ಹದಿನೇಳೂವರೆ ಜೊತೆ ಎನ್ನಬೇಕು. ಕಣ್ಣು ಕುಕ್ಕುವ ಕೆಂಪು ಕೋಟನ್ನು ಕೆಂಪು ಎಂದವನು ಹೊರಗಿನವನು. ಅದನ್ನು ಗುಲಾಬಿ ಎನ್ನತಕ್ಕದ್ದು. ನುಡಿಯಲ್ಲಿ ಇಷ್ಟು ಮಡಿಯನ್ನು ಪಾಲಿಸುವ ಅರವತ್ತು ಮಂದಿ, ಅರವತ್ತು ಕುದುರೆಗಳ ಮೇಲೆ ಕುಳಿತು, ಹದಿನೇಳೂವರೆ ಜೊತೆ ನಾಯಿಗಳನ್ನು ಮುಂದೆ ಬಿಟ್ಟು, ಬೆಕ್ಕಿಗಿಂತ ತುಸು ದೊಡ್ಡದಾದ ಒಂದು ಕೆಂಪು ನರಿಯ ಹಿಂದೆ ಓಡುತ್ತಿದ್ದರು. ಹಿಡಿದ ಮೇಲೆ ಅದನ್ನು ತಿನ್ನುತ್ತಲೂ ಇರಲಿಲ್ಲ. ಬೇಟೆಯ ದಿನ ಬೆಳಗಾಗುವುದಕ್ಕೆ ಮುಂಚೆ ಒಬ್ಬ ಆಳು ಸಲಿಕೆ ಹಿಡಿದು ಹೋಗಿ ನರಿಯ ಬಿಲಗಳ ಬಾಯಿಗಳಿಗೆಲ್ಲ ಮಣ್ಣು ತುಂಬಿ ಬರುತ್ತಿದ್ದ. ಓಡಿ ದಣಿದು ಬಂದ ಪ್ರಾಣಿಗೆ ತನ್ನ ಮನೆಯ ಬಾಗಿಲು ತೆರೆದಿರಬಾರದು. ಇದಕ್ಕೆ ಕ್ರೀಡೆ ಎಂದು ಹೆಸರು.

ಎಂಟು ವಾರದ ಮರಿಯಾಗಿದ್ದಾಗ ನನ್ನನ್ನು ನಾಯಿಮನೆಯಿಂದ ಒಯ್ದು ಒಬ್ಬ ಗೇಣಿದಾರಳಿಗೆ ಒಪ್ಪಿಸಿದರು. ಅದು ಆ ಸೀಮೆಯ ಪದ್ಧತಿ. ಮಂಡಳಿಯ ಮರಿಗಳನ್ನು ಒಡೆಯನ ಜಮೀನು ಮಾಡುವವರು ಒಂದು ವರ್ಷ ತಮ್ಮ ಮನೆಯಲ್ಲಿ ಸಾಕಿ, ಕೋಳಿ ಕುರಿಗಳ ನಡುವೆ ಓಡಾಡುವುದನ್ನು ಕಲಿಸಿ, ಹಿಂದಕ್ಕೆ ಕೊಡಬೇಕು. ಬೇಡ ಎನ್ನುವ ಸ್ವಾತಂತ್ರ್ಯ ಎಲ್ಲರಿಗೂ ಇತ್ತು. ಅದನ್ನು ಬಳಸಿದವನೊಬ್ಬನನ್ನೂ ನಾನು ಕಾಣಲಿಲ್ಲ.

ಹಾಗೆ ನಾನು ಸೇರಿದ್ದು ಲೋಯರ್ ಮಾರ್ಲ್ ಎಂಬ ನಲವತ್ತು ಎಕರೆಯ ಒಕ್ಕಲುಮನೆಗೆ. ಅಲ್ಲಿದ್ದವಳು ಹೆಸ್ಟರ್ ಡಾಸೆಟ್, ಮಕ್ಕಳಿಲ್ಲದ ವಿಧವೆ. ಗಂಡ ಸತ್ತ ಮೇಲೆ ಹೆಣ್ಣೊಬ್ಬಳಿಗೆ ಜಮೀನು ಬಿಡುವುದು ಅಲ್ಲಿ ವಾಡಿಕೆಯಲ್ಲ. ಸರ್ ಲೂಷಿಯನ್ ಬಿಟ್ಟಿದ್ದ, ಒಂದೊಂದು ವರ್ಷಕ್ಕೆ ಮಾತ್ರ. ಪ್ರತಿ ಮಾರ್ಚ್ ತಿಂಗಳ ಕೊನೆಗೆ ಅವನ ಒಪ್ಪಿಗೆ ಬೇಕು. ಆಕೆಗೆ ಬೇರೆ ಊರಿರಲಿಲ್ಲ, ಬೇರೆ ನೆಂಟರಿರಲಿಲ್ಲ.

ನಾನು ಆಕೆಯ ಬೆಣ್ಣೆಯನ್ನು ಕದ್ದೆ. ಮದುವೆಯ ಪಾದರಕ್ಷೆಗಳಲ್ಲಿ ಎಡಗಾಲಿನದನ್ನು ಕಡಿದು ಹಾಕಿದೆ.

"ಬಲಗಾಲಿಂದೂ ತಿಂದ್ಬಿಡೇ ಮಾರಾಯ್ತಿ," ಎಂದಳು ಹೆಸ್ಟರ್, ಅದನ್ನೂ ನನ್ನ ಮುಂದೆ ಎಸೆದು. "ಒಂದೇ ಇಟ್ಕೊಂಡು ನಾನೇನು ಕುಂಟಾಟ ಆಡ್ಲಾ?"

ನನ್ನ ಬಾಲ್ಯದಲ್ಲಿ ಬೈಗುಳ ಬಹಳ ಇತ್ತು, ಏಟು ಇರಲಿಲ್ಲ. ಆಕೆ ಕುರಿ ಈಯಿಸುವಾಗ ನಾನು ಪಕ್ಕದಲ್ಲಿ ಕುಳಿತಿರುತ್ತಿದ್ದೆ. ಒಂದು ಜೀವಿ ಇನ್ನೊಂದರ ನೋವಿಗೆ ಕೈ ಹಾಕಿ ಸಹಾಯ ಮಾಡುವುದನ್ನು ನಾನು ನೋಡಿದ್ದು ಅಲ್ಲಿ. ಕೆಂಪು ಕೋಟಿನವರಲ್ಲಿ ಅದನ್ನು ಎಂದೂ ಕಾಣಲಿಲ್ಲ.

ವರ್ಷ ಕಳೆಯಿತು, ಹಿಂದಕ್ಕೆ ಕರೆಸಿಕೊಂಡರು. ನಾಯಿಮನೆಯ ಅಧಿಕಾರಿ ಏಮಸ್ ಟ್ಯಾರಂಟ್ ಎಂಬ ಬೇಟೆಗಾರ. ಬೇಟೆಯಲ್ಲಿ ನಾಯಿಗಳನ್ನು ನಡೆಸುವವನು, ಕೊಂಬು ಊದುವವನು ಅವನೇ. ಅವನನ್ನು ಒಳ್ಳೆಯವನೆನ್ನಲಾರೆ. ಓಟ ಕುಗ್ಗಿದ ನಾಯಿಗಳಿಗೆ ಪ್ರತಿ ವಸಂತದಲ್ಲೂ ಗುಂಡಿಕ್ಕುತ್ತಿದ್ದವನು ಅವನು. ಆದರೆ ಗುಂಡಿಕ್ಕಿದ ದಿನ ಅವನು ಊಟ ಮಾಡುತ್ತಿರಲಿಲ್ಲ. ಗುಂಡು ಹಾಕಲು ಹೇಳಿದವನು ಚೆನ್ನಾಗಿ ಊಟ ಮಾಡುತ್ತಿದ್ದ.

ಊಟದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಮುಖ್ಯ ಆಹಾರ ಕುದುರೆಯ ಮಾಂಸ. ಸರ್ ಲೂಷಿಯನ್‌ನನ್ನು ಒಂಬತ್ತು ವರ್ಷ ಹೊತ್ತ ಬೂದು ಬಣ್ಣದ ಹೆಣ್ಣುಕುದುರೆಯೊಂದಿತ್ತು. ಹಬ್ಬದ ಔತಣದಲ್ಲಿ ಅವನು ಅದರ ಹೆಸರೆತ್ತಿ, ಲೋಟವೆತ್ತಿ, ಕಣ್ಣೊರಸಿಕೊಂಡ. ಮುಂದಿನ ಸೋಮವಾರ ಬೇಲಿ ಹಾರುವಾಗ ಅದರ ಕಾಲು ಮುರಿಯಿತು. ಗುರುವಾರ ಅದು ನಮ್ಮ ಗಂಜಿಯಲ್ಲಿ ಇತ್ತು. ನಾನು ತಿಂದೆ. ತಿನ್ನುವಾಗ ಗುರುತು ಸಿಕ್ಕಿತು, ಆದರೂ ತಿಂದೆ. ನನ್ನ ತಿರಸ್ಕಾರದಲ್ಲಿ ನನಗೂ ಒಂದು ಪಾಲಿದೆ ಎಂಬುದನ್ನು ಓದುಗರು ಮರೆಯಬಾರದು.

ಮೂರನೆಯ ವರ್ಷದ ಹೊತ್ತಿಗೆ ನಾನು ಹಿಂಡಿನ ಮುಂದಾಳಾದೆ. ಕಾರಣ ನನ್ನ ವೇಗವಲ್ಲ, ನನ್ನ ಕೊರಳು. ನರಿಯ ವಾಸನೆ ಖಚಿತವಾಗಿ ಸಿಕ್ಕಿದಾಗ ಮಾತ್ರ ಕೂಗಬೇಕು, ಸಿಕ್ಕಿದಾಗ ಕೂಗದೆ ಇರಬಾರದು. ಬೇಟೆನಾಯಿಯ ಸಮಸ್ತ ಧರ್ಮ ಇಷ್ಟೇ. ಎಳೆಯ ನಾಯಿಗಳು ಮೊಲಕ್ಕೂ ಜಿಂಕೆಗೂ ತಮ್ಮ ಉತ್ಸಾಹಕ್ಕೂ ಕೂಗುತ್ತವೆ. ಹಾಗೆ ಕೂಗಿದವನ್ನು ಯಾರೂ ನಂಬುವುದಿಲ್ಲ. ಬಹಳ ಕಾಲ ಉಳಿಸುವುದೂ ಇಲ್ಲ. ನಾನು ಐದು ವರ್ಷಗಳಲ್ಲಿ ಒಮ್ಮೆಯೂ ತಪ್ಪು ಕೂಗಲಿಲ್ಲ. ನಾನು ಬಾಯಿ ಬಿಟ್ಟರೆ ಹಿಂಡು ಓಡುತ್ತಿತ್ತು, ಹಿಂಡು ಓಡಿದರೆ ಅರವತ್ತು ಕುದುರೆಗಳು ಓಡುತ್ತಿದ್ದುವು. ನನ್ನ ನುಡಿಯ ಸತ್ಯದಿಂದ ಎಷ್ಟು ನರಿಗಳು ಹರಿದು ಚೂರಾದುವೆಂಬುದನ್ನು ಆಗ ನಾನು ಯೋಚಿಸಲಿಲ್ಲ. ಸತ್ಯವಂತರಿಗೆ ಅಂಥ ಯೋಚನೆ ಸುಲಭವಾಗಿ ಬರುವುದಿಲ್ಲ.

ಬೇಟೆಯಲ್ಲಿ ನನ್ನ ಆರನೆಯ ಚಳಿಗಾಲ. ಲೋಯರ್ ಮಾರ್ಲ್‌ನಲ್ಲಿ ನರಿಯೊಂದು ಹೆಸ್ಟರಳ ಬಾತುಗಳನ್ನು ಕೊಲ್ಲತೊಡಗಿತು. ಹಸಿವಿಗೆ ಒಂದು ಸಾಕು. ಅದು ಒಂದೇ ಸಲಕ್ಕೆ ಏಳನ್ನು ಕೊಂದು ಬಿಟ್ಟುಹೋಯಿತು. ಆಕೆ ಸತ್ತ ಬಾತೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ನಾಯಿಮನೆಯ ಅಂಗಳಕ್ಕೆ ಬಂದಳು. ಸರ್ ಲೂಷಿಯನ್ ಅಲ್ಲಿಯೇ ಇದ್ದ. ಅವನು ಬುಟ್ಟಿಯೊಳಗೆ ಬಗ್ಗಿ ನೋಡಿದ.

"ಇದು ನಮ್ಮ ನರಿ ಮಾಡಿದ್ದಲ್ಲಮ್ಮ," ಎಂದ. "ಇದು ಯಾವುದೋ ಬೀದಿನಾಯಿ ಕೆಲಸ."

"ಕಣ್ಣಾರೆ ಕಂಡಿದೀನಿ ದೊರೆಗಳೇ. ಬೇಲಿ ಮೇಲೆ ಕೂತ್ಕೊಂಡು ನನ್ನೇ ನೋಡ್ತಿತ್ತು."

"ಅದು ಆಟಕ್ಕೆ ಬಂದಿರುತ್ತೆ. ಒಳ್ಳೆ ನರಿ ಅದು. ಹೋದ ತಿಂಗಳು ನಮ್ಮನ್ನ ಒಂಬತ್ತು ಮೈಲಿ ಓಡಿಸ್ತು. ಅದಕ್ಕೆ ಏನೂ ಆಗಬಾರದು, ತಿಳೀತಾ?"

ಇಲ್ಲಿ ಅವರ ಧರ್ಮಶಾಸ್ತ್ರದ ಒಂದು ವಿಧಿಯನ್ನು ಹೇಳಬೇಕು. ನರಿ ಸಾಯತಕ್ಕದ್ದು ನಾಯಿಗಳ ಹಲ್ಲಿನಿಂದ ಮಾತ್ರ. ತುಪಾಕಿಯಿಂದ ಕೊಲ್ಲುವುದು ಮಹಾಪಾತಕ. ಹಾಗೆ ಕೊಂದವನ ಮನೆಗೆ ಯಾರೂ ಕಾಲಿಡುವುದಿಲ್ಲ, ಅವನು ಗೇಣಿದಾರನಾದರೆ ಜಮೀನಿನಿಂದ ಹೊರಡಬೇಕು. ಒಂದು ಕ್ಷಣದಲ್ಲಿ ಸತ್ತ ನರಿಗೆ ಅನ್ಯಾಯವಾಯಿತು, ಎರಡು ಗಂಟೆ ಓಡಿ ಸೀಳಿಹೋದ ನರಿಗೆ ಗೌರವ ಸಂದಿತು ಎಂಬುದು ಆ ಪಂಡಿತರ ಸಿದ್ಧಾಂತ.

ಬಾತುಗಳು ಮುಗಿದ ಮೇಲೆ ನರಿ ಕುರಿಮರಿಗಳಿಗೆ ಬಂತು. ಭಾನುವಾರ ಬೆಳಿಗ್ಗೆ, ಊರೆಲ್ಲ ಇಗರ್ಜಿಯಲ್ಲಿದ್ದಾಗ, ಹೆಸ್ಟರ್ ಗಂಡನ ತುಪಾಕಿಯನ್ನು ತೆಗೆದು ಅದನ್ನು ಹೊಡೆದಳು. ಅಂಗಳದ ತಿಪ್ಪೆಯೊಳಗೆ ಹೂತಳು. ತಿಪ್ಪೆಯ ನಾತ ನರಿಯ ನಾತವನ್ನು ಮುಚ್ಚುವುದೆಂದು ಆಕೆ ನಂಬಿರಬೇಕು. ಮನುಷ್ಯರ ಮೂಗಿಗೆ ಮುಚ್ಚಿತು ಕೂಡ. ಆದರೆ ಸದ್ದನ್ನು ಕಾಡು ಕಾಯುವವನು ಕೇಳಿ, ಸರ್ ಲೂಷಿಯನ್‌ಗೆ ಮುಟ್ಟಿಸಿದ.

ಮಂಗಳವಾರದ ಬೇಟೆಯನ್ನು ಲೋಯರ್ ಮಾರ್ಲ್‌ನ ಗೇಟಿನ ಮುಂದಿನಿಂದಲೇ ಹೊರಡಿಸುವುದೆಂದು ಅವನು ಸಾರಿದ. ಅದು ಮನೆಯವರಿಗೆ ಮರ್ಯಾದೆ ಎಂದು ಲೆಕ್ಕ. ಹೆಸ್ಟರ್ ಕುದುರೆಗಳ ನಡುವೆ ಓಡಾಡುತ್ತ, ತನ್ನನ್ನು ಹಿಡಿಯಲು ಬಂದವರಿಗೆಲ್ಲ ಬಿಸಿ ಮದ್ಯ ಕೊಡುತ್ತಿದ್ದಳು. ಪಾದ್ರಿಯೂ ಬಂದಿದ್ದ. ಬೇಟೆಯ ದಿನ ಊರಿನಲ್ಲಿ ಯಾರೂ ಸಾಯುವಂತಿರಲಿಲ್ಲ, ಹೂಳಲು ಅವನು ಸಿಕ್ಕುತ್ತಿರಲಿಲ್ಲ.

ಸರ್ ಲೂಷಿಯನ್ ಕುದುರೆಯ ಮೇಲಿನಿಂದಲೇ ಕೇಳಿದ: "ಏನಮ್ಮ ಹೆಸ್ಟರ್, ಭಾನುವಾರ ಇಲ್ಲಿ ತುಪಾಕಿ ಸದ್ದಾಯ್ತಂತಲ್ಲ?"

"ಕಾಗೆ ಹೊಡೆದೆ ದೊರೆಗಳೇ. ಬಿತ್ತಿದ ಕಾಳೆಲ್ಲ ಹೆಕ್ತಿದ್ವು."

"ಕಾಗೆನಾ? ಭಾನುವಾರದ ದಿನ?"

"ಕಾಗೆಗಳಿಗೆ ವಾರ ಗೊತ್ತಿರಲ್ಲ ದೊರೆಗಳೇ."

ನಾಲ್ಕೈದು ಜನ ನಕ್ಕರು. ಪಾದ್ರಿಯೂ ನಕ್ಕ; ಒಡೆಯನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ.

"ಸರಿ," ಎಂದ ಸರ್ ಲೂಷಿಯನ್, ಎಲ್ಲರಿಗೂ ಕೇಳುವಂತೆ. "ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ. ಗಾರ್ಲೆಂಡ್ ಹೇಳಲಿ. ಏಮಸ್, ನಾಯಿಗಳನ್ನ ಅಂಗಳದೊಳಕ್ಕೆ ಬಿಡು. ಅವಳು ಸುಮ್ಮನೆ ದಾಟಿ ಹೋದ್ರೆ ನಾನು ಟೋಪಿ ತೆಗೆದು ಈಯಮ್ಮನ ಕ್ಷಮೆ ಕೇಳ್ತೀನಿ. ಅವಳು ಬಾಯಿ ಬಿಟ್ಟ ಕಡೆ ಅಗೆಸ್ತೀನಿ. ನರಿ ಸಿಕ್ತೋ, ಮಾರ್ಚ್ ಮುಗಿಯೋದ್ರೊಳಗೆ ಮನೆ ಖಾಲಿ."

ಪ್ರಮಾಣಗಳಲ್ಲಿ ಆಪ್ತವಾಕ್ಯ ಎಂಬುದೊಂದಿದೆ: ನಂಬತಕ್ಕವನ ಮಾತನ್ನು ಸಾಕ್ಷಿಯಾಗಿ ಒಪ್ಪುವುದು. ಅರವತ್ತು ಮಂದಿ ಗೃಹಸ್ಥರು, ಒಬ್ಬ ಧರ್ಮಾಧಿಕಾರಿ ಕೂಡಿದ್ದ ಆ ಸಭೆಯಲ್ಲಿ ನಂಬತಕ್ಕ ಬಾಯಿ ಎಂದು ಅವರಿಗೆ ತೋರಿದ್ದು ನಾಯಿಯದು. ಅವರ ಬಗ್ಗೆ ಅವರೇ ಕೊಟ್ಟುಕೊಂಡ ತೀರ್ಪು ಅದು. ನಾನು ಸೇರಿಸುವುದೇನೂ ಇಲ್ಲ.

ಗೇಟು ತೆರೆಯಿತು. ಐದು ವರ್ಷಗಳ ಮೇಲೆ ಆ ಅಂಗಳವನ್ನು ಮೆಟ್ಟಿದೆ. ಹತ್ತು ಹೆಜ್ಜೆಯೂ ಬೇಕಾಗಲಿಲ್ಲ. ನರಿಯ ವಾಸನೆ ತಿಪ್ಪೆಯ ಬಲಮೂಲೆಯಿಂದ, ಒಂದಡಿ ಕೆಳಗಿನಿಂದ, ದಾರದಂತೆ ಎದ್ದು ನನ್ನ ಮೂಗಿಗೆ ಕಟ್ಟಿಕೊಂಡಿತು. ಕೊರಳು ತಾನಾಗಿಯೇ ಉಬ್ಬಿತು. ಐದು ವರ್ಷದ ಅಭ್ಯಾಸವನ್ನು ನುಂಗುವುದೆಂದರೆ ಎಲುಬಿನ ಚೂರನ್ನು ನುಂಗಿದಂತೆ. ತಲೆಯೆತ್ತಿ ನೋಡಿದೆ. ಹೆಸ್ಟರ್ ಹೂಜಿಯನ್ನು ಹಿಡಿದು ನಿಂತಿದ್ದಳು. ಆಕೆ ನನ್ನನ್ನು ಕರೆಯಲಿಲ್ಲ, ಕೈ ಸನ್ನೆ ಮಾಡಲಿಲ್ಲ. ಹೂಜಿಯ ಬಾಯಿಂದ ಮದ್ಯ ಸುರಿದು ಆಕೆಯ ಕಾಲ ಮೇಲೆ ಬೀಳುತ್ತಿತ್ತು, ಆಕೆಗೆ ಅದು ಗೊತ್ತಿರಲಿಲ್ಲ.

ಏಮಸ್ ಕುದುರೆಯಿಂದಿಳಿದು ತಿಪ್ಪೆಯ ಪಕ್ಕದಲ್ಲೇ ನಿಂತಿದ್ದ. ಅವನು ನನ್ನ ಬಾಲವನ್ನು ನೋಡುತ್ತಿದ್ದ. ಬಾಲವನ್ನು ನಾನು ಆಳಲಾರೆ. ವಾಸನೆ ಸಿಕ್ಕಿದಾಗ ಅದು ತಾನಾಗಿ ನಡುಗುತ್ತದೆ; ಆಗಲೂ ನಡುಗುತ್ತಿತ್ತು.

ಮೌನ ಸಾಕಾಗುವುದೆಂದು ನನ್ನ ಎಣಿಕೆ. ಆದರೆ ಹಿಂದಿನಿಂದ ಡ್ರಮ್ಮರ್ ಎಂಬ ಎಳೆಯ ಗಂಡು ತಿಪ್ಪೆಗೆ ಮೂಗಿಟ್ಟು ಕುಂಯ್‌ಗುಟ್ಟತೊಡಗಿತು. ಇನ್ನೆರಡು ಅದರ ಬಳಿಗೆ ಬಂದುವು. ಅವು ಅಗೆಯಲು ಮುಂಗಾಲೆತ್ತಿ ನನ್ನ ಮುಖ ನೋಡಿದುವು, ನನ್ನ ಒಂದು ಮಾತಿಗಾಗಿ.

ಆಗ ನಾನು ತಿಪ್ಪೆಗೆ ಬೆನ್ನು ತಿರುಗಿಸಿ ಹಿತ್ತಿಲಿನ ಸೇಬಿನ ತೋಟಕ್ಕೆ ನುಗ್ಗಿದೆ. ಏನೂ ಇಲ್ಲದ ಬರಿಯ ಒದ್ದೆ ಹುಲ್ಲಿನ ಮೇಲೆ ಮೂಗಿಟ್ಟು, ನನ್ನ ತಾಯಿ, ಅವಳ ತಾಯಿ, ಇಪ್ಪತ್ತು ತಲೆಮಾರು ಕಾಪಾಡಿಕೊಂಡು ಬಂದ ಕೊರಳಿನಿಂದ, ನರಿ ಇಲ್ಲಿದೆ ಎಂದು ಕೂಗಿದೆ.

ಹಿಂಡು ನಂಬಿತು. ಹದಿನೇಳು ಜೊತೆ ಕೊರಳುಗಳು ನನ್ನ ಸುಳ್ಳನ್ನು ಒಟ್ಟಿಗೆ ಹಾಡಿದುವು. ಏಮಸ್ ಕೊಂಬು ಊದಿದ. ಅರವತ್ತು ಮಂದಿ ಗುಲಾಬಿ ಕೋಟಿನವರು ಹೋ ಎಂದು ಕೂಗುತ್ತ, ಶೂನ್ಯವನ್ನು ಬೆನ್ನಟ್ಟಿ, ಬೇಲಿ ಹಾರಿ, ಗೋಧಿ ತುಳಿದು ಎರಡು ಮೈಲಿ ಓಡಿದರು. ಪಾದ್ರಿ ಮುಳ್ಳುಬೇಲಿಯಲ್ಲಿ ತಲೆಕೆಳಗಾಗಿ ಉಳಿದ. ಗಿರಣಿಯ ಹಳ್ಳವನ್ನು ಹಾರುವಾಗ ಸರ್ ಲೂಷಿಯನ್‌ನ ಕುದುರೆ ಮಾತ್ರ ಆಚೆ ದಡ ಮುಟ್ಟಿತು. ಅವನು ನೀರಿನಿಂದ ಎದ್ದು ನಿಂತು, "ಎಂಥಾ ಓಟ! ಎಂಥಾ ನರಿ!" ಎಂದು ಕೂಗಿದ. ಅವರ ಬಗೆಗಿನ ನನ್ನ ಅಭಿಪ್ರಾಯಕ್ಕೆ ಅಂದು ಮುದ್ರೆ ಬಿತ್ತು. ಇದ್ದ ನರಿಗೂ ಇಲ್ಲದ ನರಿಗೂ ಅವರ ಆನಂದದಲ್ಲಿ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ.

ಆದರೆ ನಾಯಿಗಳಿಗೆ ವ್ಯತ್ಯಾಸ ಗೊತ್ತು. ಹಳ್ಳದ ಆಚೆ ಅವು ಒಂದೊಂದಾಗಿ ಕೂಗು ನಿಲ್ಲಿಸಿ, ನೆಲ ಮೂಸಿ, ನನ್ನ ಕಡೆ ತಿರುಗಿ ನಿಂತುವು. ಆ ನೋಟವನ್ನು ನಾನು ಇಂದಿಗೂ ತಾಳಲಾರೆ.

ಸಂಜೆ ನಾಯಿಮನೆಯಲ್ಲಿ ವಿಚಾರಣೆ. ಸರ್ ಲೂಷಿಯನ್ ಕಂಬಳಿ ಹೊದ್ದು ಸೀನುತ್ತಿದ್ದ.

"ಏನಾಯ್ತೋ ಏಮಸ್? ಆ ತಿಪ್ಪೇಲಿ ಏನಾದ್ರೂ ಇತ್ತಾ?"

"ನಾನು ಅಲ್ಲೇ ನಿಂತಿದ್ದೆ ದೊರೆ. ಅವಳು ಮೂಸಿ ಸುಮ್ಮನೆ ದಾಟಿದ್ಲು. ಎಳೇವು ಇಲಿಗೆ ಕುಂಯ್ ಅಂದಿರ್ತಾವೆ."

"ಮತ್ತೆ ತೋಟದಲ್ಲಿ?"

ಏಮಸ್ ಹೇಳಿದ: "ಮೊಲ ದೊರೆ. ಎದ್ದಿದ್ದು ನಾನೇ ಕಂಡೆ. ಕೊಂಬು ಊದಬಾರದಿತ್ತು. ಊದ್ಬಿಟ್ಟೆ. ತಪ್ಪು ನಂದು."

ಮೊಲವನ್ನು ಕಂಡೂ ನರಿಯ ಕೊಂಬು ಊದಿದೆನೆಂದು ಒಪ್ಪಿಕೊಳ್ಳುವ ಬೇಟೆಗಾರನಿಗೆ ಇನ್ನಾವ ಮಂಡಳಿಯೂ ಕೆಲಸ ಕೊಡುವುದಿಲ್ಲ. ಮೂವತ್ತು ವರ್ಷದ ಹೆಸರನ್ನು ಅವನು ಒಂದು ವಾಕ್ಯದಲ್ಲಿ ಸುಟ್ಟ. ಸರ್ ಲೂಷಿಯನ್ ಅವನನ್ನು ಬಾಯಿಗೆ ಬಂದಂತೆ ಬೈದ. ಮರುದಿನ ಹೆಸ್ಟರಳ ಬಾಗಿಲಿಗೆ ಹೋಗಿ ಟೋಪಿಯನ್ನೂ ತೆಗೆದ. ಅರವತ್ತು ಜನರ ಮುಂದೆ ಆಡಿದ ಮಾತು ಅದು, ತಪ್ಪುವಂತಿರಲಿಲ್ಲ.

"ನಾಯಿಗೆ ಗುಂಡು ಹಾಕು," ಎಂದ ಆ ಸಂಜೆಯೇ, ನನ್ನನ್ನು ತೋರಿಸಿ.

"ಇಂಡಿಯಾದ ಬೆಟ್ಟಕ್ಕೆ ಹೋಗೋ ನಾಯಿಗಳ ತಂಡದಲ್ಲಿ ಒಂದು ಹೆಣ್ಣು ಕಮ್ಮಿ ಇದೆ ದೊರೆ," ಎಂದ ಏಮಸ್.

"ಕಳಿಸು ಹಾಗಾದ್ರೆ. ಅಲ್ಲಿ ನರೀನೇ ಇಲ್ಲ, ಗುಳ್ಳೆನರಿ ಓಡಿಸ್ತಾರಂತೆ. ಬೇಟೆನೇ ಸುಳ್ಳು, ನಾಯಿ ಸುಳ್ಳಿಯಾದ್ರೇನು!"

ಹೊರಡುವ ಹಿಂದಿನ ದಿನ ಹೆಸ್ಟರ್ ಬಂದಳು. ಕಂಬಿಗಳ ಆಚೆ ಏಮಸ್ ನೀರಿನ ತೊಟ್ಟಿ ತೊಳೆಯುತ್ತಿದ್ದ.

"ಇನ್ನೂ ಮೂರಡಿ ಆಳಕ್ಕೆ ತೋಡಿ ಹೂತ್ಹಾಕು ಹೆಸ್ಟರ್," ಎಂದ, ತಲೆಯೆತ್ತದೆ. "ತಿಪ್ಪೇಲಿ ಯಾರಾದ್ರೂ ಹೂಳ್ತಾರಾ?"

"ಏನು ಹೂಳೋದು?"

"ನನಗೇನು ಗೊತ್ತು? ನಾನು ಮೊಲ ಕಂಡವನು."

ಆಕೆ ನಕ್ಕಳು, ನಗು ಕೊನೆಗೆ ನಗುವಾಗಿ ಉಳಿಯಲಿಲ್ಲ. "ಇವಳ ಹೆಸರು ಕೆಡ್ತಲ್ಲೋ ಏಮಸ್."

"ನಂದೂ ಕೆಡ್ತು. ನನಗೋಸ್ಕರ ಯಾರೂ ಅಳ್ತಿಲ್ಲ ನೋಡು."

"ಮುಚ್ಕೊಳೋ ಮುದುಕಾ," ಎಂದಳು ಹೆಸ್ಟರ್, ಮತ್ತು ಕಂಬಿಯೊಳಗೆ ಕೈ ಚಾಚಿ ನನ್ನ ಕಿವಿಯನ್ನು ಬಹಳ ಹೊತ್ತು ಹಿಡಿದುಕೊಂಡಳು.

ಹಡಗಿನ ಕಥೆಯನ್ನು ಬಿಡುತ್ತೇನೆ. ಅದು ವಾಂತಿಯ ಕಥೆ. ನೀಲಗಿರಿಯ ಮೇಲೆ, ಮೈಸೂರು ಸೀಮೆಯ ಅಂಚಿನಲ್ಲಿ, ಅದೇ ಕೋಟುಗಳು, ಅದೇ ಕೊಂಬು ನನಗಾಗಿ ಕಾದಿದ್ದುವು. ತಮ್ಮ ದೇಶದ ಮುಳ್ಳುಗಿಡದ ಬೀಜವನ್ನೂ ತಂದು ಬಿತ್ತಿದ್ದರು. ತಾಯ್ನಾಡಿನಲ್ಲಿ ಚುಚ್ಚಿದ್ದು ಸಾಲದೆಂದು. ಅಲ್ಲಿಯ ಯಜಮಾನ ಒಬ್ಬ ಮೇಜರ್. ನಾನು ಹಿಂಡಿನೊಡನೆ ಓಡಿದೆ, ಆದರೆ ಕೂಗಲಿಲ್ಲ. ಸುಳ್ಳು ನುಡಿದ ಕೊರಳಿನಿಂದ ಮತ್ತೆ ಸತ್ಯವನ್ನು ನುಡಿಯಲು ನಾಚಿಕೆ. ಆ ಸತ್ಯವನ್ನು ಕೇಳಲು ಕಾದಿದ್ದ ಕಿವಿಗಳ ಮೇಲೆ ಹೇಸಿಗೆ. ಒಂದು ಋತು ಮುಗಿಯುವುದರೊಳಗೆ ಮೂಗಿ ಎಂದು ನನ್ನನ್ನು ಹೊರಗೆ ಬಿಟ್ಟರು.

ಬಂಗಲೆಗಳಿಗೆ ಹೂವು ಕೊಡುತ್ತಿದ್ದ ಗುಂಡ್ಲುಪೇಟೆ ಕಡೆಯ ಮಾದೇವಮ್ಮ ಎಂಬ ಮುದುಕಿ ನನ್ನನ್ನು ಕಂಡಳು. "ಅಯ್ಯೋ, ಇದ್ಯಾಕವ್ವ ಇಂಗ್ ಸೊರಗೋಗಿದ್ದೀಯೆ? ಬಾ, ಮುದ್ದೆ ತಿಂತೀಯಾ?" ಎಂದಳು. ತಿಂದೆ. ನನ್ನ ಭಾಷೆ ಅಂದಿನಿಂದ ಕನ್ನಡ.

ಎರಡು ವರ್ಷವಾದ ಮೇಲೆ ಇಂಗ್ಲೆಂಡಿನಿಂದ ಹೊಸ ನಾಯಿಗಳು ಬಂದುವು. ಮೇಜರ್ ನಾಯಿಮನೆಯ ಅಂಗಳದಲ್ಲಿ ನಿಂತು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಹೂವಿನ ಬುಟ್ಟಿಯ ಪಕ್ಕದಲ್ಲಿ ನಾನು ಮಲಗಿದ್ದೆ. ನಾಯಿಯ ಹೆಸರು, ತಂದೆ, ತಾಯಿ, ಮರಿಯಾಗಿದ್ದಾಗ ಸಾಕಿದವರು. ಮೂರನೆಯ ನಾಯಿಗೆ ಬಂದಾಗ ಅವನು ಓದಿದ: "ಹ್ಯಾರೋಮಿಯರ್ ಮಂಡಳಿ. ಸಾಕಿದವರು, ಮಿಸೆಸ್ ಹೆಸ್ಟರ್ ಡಾಸೆಟ್, ಲೋಯರ್ ಮಾರ್ಲ್."

ನಾನು ಹೊರಟ ಮೇಲೆ ಹುಟ್ಟಿದ ಮರಿ ಅದು. ಅಂದರೆ ಮಾರ್ಚ್ ತಿಂಗಳು ಬಂದು ಹೋಗಿತ್ತು, ಆಕೆ ಅಲ್ಲಿಯೇ ಇದ್ದಳು. ನಾನು ಎದ್ದು ನಿಂತೆ. ಮೂರು ವರ್ಷದಲ್ಲಿ ಮೊದಲ ಸಲ ಕೂಗಿದೆ. ಮೇಜರ್ ತಿರುಗಿ ನೋಡಿದ.

"ಈ ಮೂಗಿ ಯಾಕೆ ಕೂಗ್ತು?"

"ಅದ್ಕೆ ಏನ್ ಕಂಡಿತ್ತೋ ಏನೋ ಕನ ಬುಡಿ ಬುದ್ಧಿ," ಎಂದಳು ಮಾದೇವಮ್ಮ. "ಒಟ್ನಲ್ಲಿ ಖುಸಿಯಾಗದೆ."

ಈಗ ನನಗೆ ಕಣ್ಣು ಮಂಜು, ಹಲ್ಲು ಎರಡೇ. ಮಾದೇವಮ್ಮ ಹೂ ಒಯ್ಯುವ ದತ್ತಾತ್ರೇಯಸ್ವಾಮಿಯ ಗುಡಿಯ ಮುಂದೆ ಸಂಜೆ ಪುರಾಣ ಕೇಳುತ್ತ ಮಲಗಿರುತ್ತೇನೆ. ಸ್ವಾಮಿಯ ಪಾದದ ಬಳಿ ನಾಲ್ಕು ನಾಯಿಗಳಿವೆ. ಅವು ನಾಲ್ಕು ವೇದಗಳೆಂದು ಅರ್ಚಕರು ಹೇಳಿದ ದಿನ ನಾನು ಎದ್ದು ದೂರ ಸರಿದೆ. ಎಂದೂ ಸುಳ್ಳಾಡದ ನಾಯಿಗಳು ಅವು. ಬಹಳ ದಿನ ನಾನು ಮೆಟ್ಟಿಲಿನಿಂದ ದೂರ ಮಲಗಿದೆ. ಸುಳ್ಳು ಸುಳ್ಳೇ, ಅದನ್ನು ಪುಣ್ಯವೆಂದು ಸಾಧಿಸುವ ತರ್ಕ ನನಗೆ ಬೇಡ. ಸರ್ ಲೂಷಿಯನ್‌ನ ಪಂಡಿತರಿಗೆ ಅಂಥ ತರ್ಕ ಚೆನ್ನಾಗಿ ಬರುತ್ತಿತ್ತು. ನಾನು ಮಾಡಿದ್ದು ಪಾಪವಾದರೆ ಅದರ ಫಲ ನನಗೇ ಇರಲಿ. ಅದರ ನೆರಳು ಹೆಸ್ಟರಳ ಹೊಸ್ತಿಲನ್ನು ಮುಟ್ಟದಿರಲಿ. ಇಷ್ಟನ್ನು ಸ್ವಾಮಿಗೆ ಅರಿಕೆ ಮಾಡಿಕೊಂಡ ಮೇಲೆ ಮೊದಲನೆಯ ಮೆಟ್ಟಿಲಿನ ಮೇಲೆ ಮಲಗತೊಡಗಿದೆ. ಯಾರೂ ಓಡಿಸಲಿಲ್ಲ.

ಇದನ್ನು ಕೇಳಿದ ನಿಮಗೆ ಒಳ್ಳೆಯದಾಗಲಿ. ನಿಮ್ಮ ಮನೆಯ ಬಾಗಿಲು ನಿಮಗೆ ಎಂದೂ ಮುಚ್ಚದಿರಲಿ. ನಿಮ್ಮ ಕುರಿ ಬಾತುಗಳು ಸುಖವಾಗಿರಲಿ, ನರಿಗಳಿಗೂ ಬಿಲವಿರಲಿ. ನಿಮ್ಮ ಬಾಯಿಂದ ಸದಾ ಸತ್ಯವೇ ಬರಲಿ, ಆ ಸತ್ಯವನ್ನು ಕೇಳುವ ಯೋಗ್ಯತೆಯುಳ್ಳವರು ನಿಮ್ಮ ಎದುರಿಗಿರಲಿ. ಕೆಂಪು ಕೋಟಿನವರಿಗೂ, ದೇವರ ದಯೆಗೆ ಕೊನೆಯಿಲ್ಲವಾದ್ದರಿಂದ, ಶುಭವಾಗಲಿ.